ಐದು ಸೆಕೆಂಡು

ಗ್ಲ್ದಾನಿಯಲ್ಲಿ ನಮ್ಮದು ಒಂಬತ್ತನೇ ಮಹಡಿ.
ಮೇಲೇರಲು ಲಿಫ್ಟಿಗೂ ಕಾಸು ಹಾಕಬೇಕು, ಹತ್ತು ತೆತ್ರಿ.
ನನ್ನ ಗೂಢಚಾರನಿಗೆ ಎಲ್ಲವೂ ಬಿಟ್ಟಿ:
ಸೂಟು, ವಿಮಾನ, ಮೂರು ಪಾಸ್‌ಪೋರ್ಟು,
ಲಿಸ್ಬನ್ನಿನಲ್ಲಿ ನದಿ ಕಾಣುವ ಮನೆ.
ಹೆಸರು ಹಾಲ್ಡೆನ್. ಓಡತೊಡಗಿದರೆ
ಪ್ಯಾಂಟಿನೊಳಗೆ ಇರುವೆ ಹೊಕ್ಕವನ ಹಾಗೆ ಓಡುತ್ತಾನೆ.

ಹುಳುಕು ಹೇಳಲು ಕೂತರೆ ರಾತ್ರಿ ಸಾಲದು.
ಮೂಗಿನ ನೇರಕ್ಕೆ ನಿಂತವನಿಗೆ ಗುರಿಯಿಟ್ಟೆ,
ಗುಂಡು ಅವನ ಕಿವಿ ಬಳಸಿಕೊಂಡು ಹೋಗಿ
ಹೂಕುಂಡ ಒಡೆಯಿತು.
ಪಿಸ್ತೂಲಿನ ವಿದ್ಯೆಗೆ ನಾನು ಹಾಕಿದ್ದು ಎರಡೇ ಅಂಕ;
ಮಿಕ್ಕಿದ್ದೆಲ್ಲ ಮಾತಿಗೆ ಸುರಿದಿದ್ದೆ.
ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರಲ್ಲ,
ಇಲ್ಲಿ ಗೋಡೆಗಿದೆಯೋ ಏನೋ, ಕಾವಲುಗಾರನಿಗಿಲ್ಲ:
ಜೊತೆಗಾರ ಕಾಲಬುಡದಲ್ಲಿ ಸತ್ತು ಬಿದ್ದಿದ್ದರೂ
'ಬೆಕ್ಕಿರಬೇಕು' ಎಂದು ಸಿಗರೇಟು ಹಚ್ಚುತ್ತಾನೆ.
ಒಬ್ಬನಂತೂ ಮೆಟ್ಟಿಲೊಳಗೆ ಸೊಂಟದವರೆಗೆ ಹೂತು
ಅಲ್ಲೇ ನಡೆಯುತ್ತಿದ್ದ, ಎರಡು ದಿನ,
ಪಾಪ, ಎಲ್ಲಿಗೂ ತಲುಪದೆ.

ಮತ್ತೆ ಕರೆಂಟು.
ಆಟ ತನಗೆ ಬೇಕೆನಿಸಿದಲ್ಲಿ ಮಾತ್ರ ಉಳಿಸಿಕೊಳ್ಳುತ್ತದೆ,
ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ತನಗೆ ಬೇಕೆನಿಸಿದಾಗ ಆರುತ್ತದೆ.
ಇವೆರಡರ ನಡುವೆ ಒಂದೇ ಗೋದಾಮನ್ನು
ಹದಿಮೂರು ಸಲ ಗೆದ್ದಿದ್ದೇನೆ.

ಅಪ್ಪನಿಗೆ ನಗು ಬಂದದ್ದು ನಾನು ಬೀಗ ತೆರೆಯುವಾಗ.
ಬಜಾರಿನಲ್ಲಿ ಯಾರನ್ನು ಕೇಳಿ, ಬೀಗದ ವಾಝಾ.
ನಲವತ್ತು ವರ್ಷ ಕೀಲಿ ಉಜ್ಜಿ ಉಜ್ಜಿ
ಹೆಬ್ಬೆರಳಲ್ಲಿ ಗೆರೆಗಳೇ ಉಳಿದಿಲ್ಲ.
ಚಹದ ಲೋಟ ಹಿಡಿದು ಬೆನ್ನ ಹಿಂದೆ ನಿಂತ.
ಪರದೆಯ ಮೇಲೆ ಐದು ಕಡ್ಡಿ, ಒಂದು ಹಸಿರು ಗೆರೆ,
ಒಂದೊಂದನ್ನೂ ಎತ್ತಿ ಗೆರೆಗೆ ಕೂರಿಸಬೇಕು.
'ನೆಸ್ತಾನ್, ಇದ್ಯಾವ ಬೀಗವೇ?
ಬಾಗಿಲು ತೆರೆಯುತ್ತೀಯೋ, ತಲೆ ಬಾಚುತ್ತೀಯೋ?
ಬೀಗ ಕಣ್ಣಿಗೆ ಕಾಣುವುದಲ್ಲ,
ಉಗುರಿಗೆ ಕೇಳುವುದು.'

ಆದರೂ ಹೋಗದೆ ನಿಂತ.
ಅಷ್ಟರಲ್ಲಿ ಇರ್ಮಾ ಬಂದಳು,
ಹಡಗುಗಳ ಸರಕುಪಟ್ಟಿ ಕದ್ದು ಮಾರುವವಳು,
ಹೋಟೆಲಿನ ಅಡುಗೆಮನೆಗೆ, ಒದ್ದೆ ಕೋಟಿನಲ್ಲಿ.
'ಅವರು ನನ್ನ ಹೆಸರು ಕೇಳಿದರಾ?' ಎಂದಳು.

ಕೆಳಗೆ ಮೂರು ಉತ್ತರ. ಮೇಲೆ
ಬತ್ತಿಯ ಹಾಗೆ ಕುಗ್ಗುವ ಬಿಳಿಗೆರೆ, ಐದು ಸೆಕೆಂಡು.
ನಿಲ್ಲಿಸಿ ಯೋಚಿಸುವ ಹಾಗಿಲ್ಲ,
ಸುಮ್ಮನಿದ್ದರೆ ಅದನ್ನೂ ಉತ್ತರವೆಂದೇ ಬರೆದುಕೊಳ್ಳುತ್ತದೆ.
ಗುಂಡಿನ ಲೆಕ್ಕ ತಪ್ಪುವ ಇದೇ ಯಂತ್ರ
ಮಾತಿನ ಲೆಕ್ಕ ತಪ್ಪುವುದಿಲ್ಲ:
ಮೊದಲ ಊರಲ್ಲಿ ಸಿಡುಕಿದ್ದಕ್ಕೆ
ನಾಲ್ಕನೇ ಊರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ;
ಬದುಕಿಕೋ ಹೋಗು ಎಂದು ಬಿಟ್ಟ ವ್ಯಾಪಾರಿ
ತಿಂಗಳಾದ ಮೇಲೆ, ಗಡ್ಡ ಬಿಟ್ಟು ಬಂದು,
ನನ್ನ ನಿಜವಾದ ಹೆಸರು ಹಿಡಿದು ಕರೆಯುತ್ತಾನೆ.

ನಾನು ಸುಮ್ಮನಿದ್ದೆ. ಗೆರೆ ಮುಗಿಯಿತು.
ಮುಂದಿನ ಊರಿನ ಪತ್ರಿಕೆಯಲ್ಲಿ ಎರಡು ಸಾಲು:
ಬಂದರಿನ ನೀರಲ್ಲಿ ಒಂದು ಕೋಟು.

ಅಪ್ಪ ಲೋಟ ಕೆಳಗಿಟ್ಟ.
'ಹಿಂದಕ್ಕೆ ಹೋಗು.'
ಆಗಲ್ಲಪ್ಪ, ಅದು ಉಳಿಸಿಕೊಂಡುಬಿಟ್ಟಿದೆ.
'ಹೋಗು ಅಂದೆ.'

ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ:
ತೊಂಬತ್ತೆರಡರ ಚಳಿಗಾಲ. ಮೇಣದಬತ್ತಿಯ ಬೆಳಕು.
ನಾಲ್ವರು. ಯಾರ ಕಡೆಯವರೆಂದು ಕೇಳುವ ಕಾಲವಲ್ಲ.
ಎದುರುಮನೆಯ ಬಾಗಿಲು ತೋರಿಸಿ
'ಒಡೆಯೋಣವೋ, ನೀನೇ ತೆಗೆಯುತ್ತೀಯೋ' ಎಂದರು.
ಒಳಗೆ ಗುರಾಮ್ ಮೇಷ್ಟ್ರು
ಬಾಗಿಲಿಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದಿದ್ದರು,
ಉಗುರಿಗೆ ಕೇಳಿಸಿತಂತೆ.
'ಒಳ್ಳೆಯ ಬೀಗ. ನಾನೇ ಹಾಕಿಕೊಟ್ಟದ್ದು.'

ಅಷ್ಟೇ. ತೆರೆದೆನೆಂದೂ ಹೇಳಲಿಲ್ಲ, ಇಲ್ಲವೆಂದೂ.
ನಾನು ಐದು ಸೆಕೆಂಡು ಕಾದೆ.
ಇನ್ನೂ ಐದು.
ಎದುರುಮನೆಯಲ್ಲೀಗ ಯಾರೋ ದಂತವೈದ್ಯೆ,
ಗುಂಡಿ ಒತ್ತಿದರೆ ಕೀಚುವ ಚೀನಾದ ಬೀಗ.

ಗೆಳತಿ ಕೇಳುತ್ತಾಳೆ, ಆಟ ಹೇಗಿದೆ?
ಅರ್ಧ ಬೆಲೆಗೆ ಸಿಕ್ಕರೆ ತಗೋ ಎಂದಿದ್ದೇನೆ.

ಈಗ ರಾತ್ರಿ ನನಗೆ ಕುರ್ಚಿ ಸಿಗುವುದಿಲ್ಲ.
ಕನ್ನಡಕ ಮೂಗಿನ ತುದಿಗಿಳಿಸಿ, ಒಂದೂ ಗುಂಡು ಹಾರಿಸದೆ,
ಅಪ್ಪ ಬೀಗದವರೆಗೆ ಹೋಗುತ್ತಾನೆ.
ಮೂರನೇ ಕಡ್ಡಿಯಲ್ಲಿ ಕೈ ತಪ್ಪುತ್ತದೆ,
ಗಂಟೆ ಬಡಿದುಕೊಳ್ಳುತ್ತದೆ, ಕಾವಲುಗಾರರು ಬರುತ್ತಾರೆ.
'ಕೆಟ್ಟ ಆಟ' ಎನ್ನುತ್ತಾನೆ.
ಮತ್ತೆ ಮೊದಲಿಂದ.